ಹಚ್ಚೆ ಮಾಯುವ ತನಕ

ಹಾಸ್ಟೆಲ್‌ನಲ್ಲಿ ಟ್ಯಾಟೂ ಬಗ್ಗೆ ಯಾರನ್ನ ಕೇಳಿದ್ರೂ ಸಲಹೆ ಸಿಗುತ್ತೆ. ಎಷ್ಟು ದುಡ್ಡಾಗುತ್ತೆ, ಎಲ್ಲಿ ಚುಚ್ಚಿದ್ರೆ ಜಾಸ್ತಿ ನೋವು, ಊರಿಗೆ ಹೋದಾಗ ಎಂಥಾ ಅಂಗಿ ಹಾಕ್ಕೊಂಡ್ರೆ ಅಮ್ಮನ ಕಣ್ಣಿಗೆ ಬೀಳಲ್ಲ, ಇಷ್ಟಕ್ಕೂ ಸೀನಿಯರ್‌ಗಳ ಹತ್ರ ಉತ್ತರ ರೆಡಿ ಇರುತ್ತೆ. ಆದ್ರೆ "ಹಾಕಿಸ್ಕೊಂಡು ಎಷ್ಟು ದಿನಕ್ಕೆ ಈಜಬಹುದು?" ಅಂತ ಕೇಳಿ ನೋಡಿ. ಒಬ್ಬ ಮೂರು ದಿನ ಸಾಕು ಅಂತಾನೆ. ಇನ್ನೊಬ್ಬ ಮೂರು ತಿಂಗಳು ಅಂತಾನೆ. ಮತ್ತೊಬ್ಬ ಪ್ಲಾಸ್ಟಿಕ್ ಸುತ್ಕೊಂಡ್ರೆ ಇವತ್ತು ಸಾಯಂಕಾಲನೇ ಇಳಿ ಅಂತಾನೆ. ನಾಲ್ಕನೆಯವನದ್ದು ಇನ್ನೂ ಚೆನ್ನಾಗಿದೆ: "ಸಮುದ್ರದ ನೀರು ಉಪ್ಪಲ್ವಾ ಮಗಾ, ಗಾಯಕ್ಕೆ ಒಳ್ಳೇದು."

ಈ ನಾಲ್ಕೂ ಉತ್ತರಗಳನ್ನ ನಾವು ಒಂದೇ ಕಾರಿಡಾರ್‌ನಲ್ಲಿ, ಒಂದೇ ಸಂಜೆ ಕೇಳಿದ್ವಿ. ನಮಗೆ ಸರಿಯಾದ ಉತ್ತರ ಬೇಕೇ ಬೇಕಿತ್ತು, ಯಾಕಂದ್ರೆ ಗೋಕರ್ಣಕ್ಕೆ ಬಸ್ ಟಿಕೆಟ್ ಬುಕ್ ಆಗಿತ್ತು.

ನಾವು ಅಂದ್ರೆ ಒಂದೇ ರೂಮಿನ ನಾಲ್ವರು. ನಮ್ಮ ರೂಮಿನಲ್ಲಿ ಹೆಸರು ಹಿಡಿದು ಕರೆಯೋ ಪದ್ಧತಿ ಇಲ್ಲ. ಬ್ರಾಂಚೇ ಹೆಸರು: ಸಿವಿಲ್, ಮೆಕ್, ಇಸಿ, ಸಿಎಸ್. ಟ್ಯಾಟೂ ಹಾಕಿಸಿಕೊಂಡವನು ಸಿವಿಲ್. ಎಡ ಮುಂಗೈ ಮೇಲೆ, ಅವನ ಅಪ್ಪನ ಸಹಿ.

ಆ ಸಹಿಯ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ನಾಲ್ವರದ್ದೂ ಇಂಗ್ಲಿಷ್ ಮೀಡಿಯಂ. ಸ್ಕೂಲ್‌ನಲ್ಲಿ ಮಾರ್ಕ್ಸ್ ಕಾರ್ಡ್ ಮನೆಗೆ ತಗೊಂಡು ಹೋಗಿ ಸಹಿ ಹಾಕಿಸ್ಕೊಂಡು ಬಂದ್ರೆ ಎಲ್ಲರ ಅಪ್ಪಂದಿರ ಸಹಿಯೂ ಇಂಗ್ಲಿಷಲ್ಲೇ ಇರ್ತಿತ್ತು, ಅದೂ ಯಾರಿಗೂ ಓದೋಕಾಗದ ಹಾಗೆ. ಸಿವಿಲ್‌ನ ಅಪ್ಪ ಮಾತ್ರ ಕನ್ನಡದಲ್ಲಿ ಪೂರ್ತಿ ಹೆಸರು ಬರೀತಿದ್ರು, ಕೊನೆಯ ಒತ್ತಕ್ಷರವನ್ನ ಒಂದು ಸುತ್ತು ಹೆಚ್ಚಿಗೆ ಎಳೆದು. ಅವರದ್ದು ಹಿಟ್ಟಿನ ಗಿರಣಿ. ಎಂಟನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಮೇಲೆ ಸಹಿಯ ಪಕ್ಕ ಹಿಟ್ಟಿನ ಬೆರಳಚ್ಚು ಇನ್ನೂ ಹಾಗೇ ಇದೆ. ನಾವು ಫಸ್ಟ್ ಇಯರ್‌ನಲ್ಲಿದ್ದಾಗ ಅವರು ತೀರಿಕೊಂಡರು. ವರ್ಷದ ತಿಥಿ ಮುಗಿಸಿಕೊಂಡು ಊರಿಂದ ವಾಪಸ್ ಬರುವಾಗ ಸಿವಿಲ್ ಆ ಕಾರ್ಡನ್ನ ಬ್ಯಾಗಲ್ಲಿಟ್ಟುಕೊಂಡು ಬಂದ. ಮಾರನೇ ದಿನವೇ ಹಾಕಿಸ್ಕೊಂಡ. ಆ ದಿನದಿಂದ ಹನ್ನೊಂದನೇ ದಿನಕ್ಕೆ ನಮ್ಮ ಟ್ರಿಪ್. ಟ್ರಿಪ್ ಎರಡು ತಿಂಗಳ ಹಿಂದೆ ಫಿಕ್ಸ್ ಆಗಿದ್ದು. ತಿಥಿಯ ದಿನವನ್ನಂತೂ ಯಾರೂ ಮುಂದಕ್ಕೆ ಹಾಕೋಕಾಗಲ್ಲ.

ಕನ್ನಡ ಅಕ್ಷರಕ್ಕೆ ಟ್ಯಾಟೂದಲ್ಲಿ ಒಂದು ಕಷ್ಟ ಇದೆ ಅಂತ ನಮಗೆ ಸ್ಟುಡಿಯೋದಲ್ಲಿ ಗೊತ್ತಾಯ್ತು. ನಮ್ಮ ಲಿಪಿ ಪೂರ್ತಿ ದುಂಡು. ಚಿಕ್ಕದಾಗಿ ಬರೆದ್ರೆ ಒತ್ತಕ್ಷರದ ಒಳಗಿನ ಜಾಗ ಕಾಲ ಕಳೆದ ಹಾಗೆ ತುಂಬಿಕೊಂಡು ಬಿಡುತ್ತೆ, ಯಾಕಂದ್ರೆ ಚರ್ಮದೊಳಗಿನ ಗೆರೆ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ಅಗಲ ಆಗುತ್ತೆ. ಅದಕ್ಕೇ ಸಹಿಯನ್ನ ಕಾರ್ಡಲ್ಲಿದ್ದದ್ದಕ್ಕಿಂತ ದೊಡ್ಡದು ಮಾಡಿದರು. ಗಾಯ ಸೋಂಕಾದ್ರೆ, ಅಥವಾ ಹಕ್ಕಳೆ ನೆನೆದು ಸಮಯಕ್ಕೆ ಮುಂಚೆ ಕಿತ್ತು ಬಂದ್ರೆ, ಅದರ ಜೊತೆ ಬಣ್ಣವೂ ಹೋಗಬಹುದು. ಒಂದು ಗುಲಾಬಿ ಹೂವೋ ಸಿಂಹವೋ ಆಗಿದ್ರೆ ಆಮೇಲೆ ಟಚಪ್ ಮಾಡಿಸಬಹುದು. ಸಹಿಗೆ ಟಚಪ್ ಮಾಡಿದ್ರೆ ಅದು ಯಾರ ಸಹಿ ಅಂತ ಸಿವಿಲ್ ಕೇಳಿದ. ನಮಗೆ ಏನು ಹೇಳಬೇಕೋ ತಿಳೀಲಿಲ್ಲ. ಆ ರಾತ್ರಿ ಓದೋಕೆ ಕೂತ್ವಿ.

ಮೊದಲು ಮೆಷಿನ್ ವಿಷಯ, ಯಾಕಂದ್ರೆ ಮೆಕ್‌ಗೆ ಅದೇ ಬೇಕಿತ್ತು. ಎಡಿಸನ್ 1876ರಲ್ಲಿ ಎಲೆಕ್ಟ್ರಿಕ್ ಪೆನ್‌ಗೆ ಪೇಟೆಂಟ್ ತಗೊಂಡ. ಮೋಟರ್‌ನಿಂದ ಸೂಜಿ ಮೇಲೆ ಕೆಳಗೆ ಆಡುತ್ತಾ ಕಾಗದಕ್ಕೆ ಸಣ್ಣ ಸಣ್ಣ ತೂತು ಕೊರೀತಿತ್ತು. ಆ ಕಾಗದ ಇಟ್ಟುಕೊಂಡು ಒಂದೇ ಬರಹದ ಹಲವಾರು ಪ್ರತಿ ತೆಗೀಬಹುದಿತ್ತು. ಅದೇ ಐಡಿಯಾ ಹಿಡ್ಕೊಂಡು ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ 1891ರಲ್ಲಿ ಟ್ಯಾಟೂ ಮೆಷಿನ್‌ಗೆ ಪೇಟೆಂಟ್ ತಗೊಂಡ. ಅಂದ್ರೆ ಕಾಗದದ ಮೇಲಿನ ಬರಹ ನಕಲು ಮಾಡೋ ಯಂತ್ರವೇ ತಿರುಗಿ ಚರ್ಮಕ್ಕೆ ಬಂತು. ಮಾರ್ಕ್ಸ್ ಕಾರ್ಡಿಂದ ಮುಂಗೈಗೆ ಬಂದ ಸಹಿಗೆ ಇದಕ್ಕಿಂತ ಸರಿಯಾದ ಯಂತ್ರ ಇಲ್ಲ ಅಂತ ಮೆಕ್ ತೀರ್ಪು ಕೊಟ್ಟ.

ಆ ಸೂಜಿ ನಿಮಿಷಕ್ಕೆ ಸಾವಿರಾರು ಸಲ ಚುಚ್ಚುತ್ತೆ. ಸುಮಾರು 1ರಿಂದ 2 ಮಿಲಿಮೀಟರ್ ಆಳಕ್ಕೆ ಹೋಗಿ, ಮೇಲಿನ ಪದರವಾದ ಎಪಿಡರ್ಮಿಸ್ ದಾಟಿ, ಕೆಳಗಿನ ಡರ್ಮಿಸ್‌ನಲ್ಲಿ ಬಣ್ಣ ಬಿಡುತ್ತೆ. ಮೇಲಿನ ಪದರದಲ್ಲೇ ಬಿಟ್ಟರೆ ಬಣ್ಣ ಉಳಿಯಲ್ಲ, ಆ ಪದರ ಕೆಲವೇ ವಾರಗಳಲ್ಲಿ ಉದುರಿ ಹೊಸದಾಗುತ್ತೆ. ಡರ್ಮಿಸ್‌ಗೆ ಬಂದ ಬಣ್ಣದ ಕಣಗಳನ್ನ ನಮ್ಮ ದೇಹ ಶತ್ರು ಅಂತಲೇ ನೋಡುತ್ತೆ. ಮ್ಯಾಕ್ರೋಫೇಜ್ ಅನ್ನೋ ರಕ್ಷಣಾ ಕೋಶಗಳು ಬಂದು ಅವನ್ನ ನುಂಗ್ತವೆ, ಆದ್ರೆ ಕರಗಿಸೋಕಾಗಲ್ಲ. ನುಂಗಿಕೊಂಡು ಅಲ್ಲೇ ಕೂತಿರ್ತವೆ. 2018ರಲ್ಲಿ ಫ್ರಾನ್ಸ್‌ನ ಸಂಶೋಧಕರು ಇಲಿಗಳಲ್ಲಿ ತೋರಿಸಿದ್ದು ಇನ್ನೂ ಸ್ವಾರಸ್ಯ: ಬಣ್ಣ ಹಿಡಿದ ಕೋಶ ಸತ್ತಾಗ ಬಣ್ಣ ಹೊರಗೆ ಬೀಳುತ್ತೆ, ಹೊಸದಾಗಿ ಬಂದ ಕೋಶ ಅದನ್ನ ಮತ್ತೆ ಎತ್ಕೊಳ್ಳುತ್ತೆ. ಇದನ್ನ ಓದಿ ಹೇಳಿದಾಗ ಸಿವಿಲ್ ತುಂಬಾ ಹೊತ್ತು ತನ್ನ ಕೈ ನೋಡ್ಕೊಂಡು ಕೂತಿದ್ದ. ಒಬ್ಬ ಕೆಳಗಿಟ್ಟದ್ದನ್ನ ಇನ್ನೊಬ್ಬ ಎತ್ತಿಕೊಳ್ಳೋದು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ನಮ್ಮ ಪ್ರಶ್ನೆಗೆ ಬೇಕಾದ ಮಾತು ಇಷ್ಟೇ. ಬಣ್ಣ ಒಳಗೆ ಹೋಗೋಕೆ ಸೂಜಿ ಎಷ್ಟು ದಾರಿ ಮಾಡಿರುತ್ತೋ, ಅಷ್ಟೂ ದಾರಿ ಬೇರೆಯವಕ್ಕೂ ತೆರೆದಿರುತ್ತೆ. ಹಾಕಿಸಿಕೊಂಡ ದಿನ ಅದು ಚಿತ್ರದ ಹಾಗೆ ಕಾಣುತ್ತೆ, ಫೋಟೋ ತೆಗೆದು ಸ್ಟೇಟಸ್ ಹಾಕೋ ಹಾಗೇ ಇರುತ್ತೆ. ಆದ್ರೆ ದೇಹದ ಲೆಕ್ಕದಲ್ಲಿ ಅದು ಗಾಯ, ಬರೀ ಗಾಯ. ಮೇಲ್ಪದರ ಕೂಡಿಕೊಳ್ಳೋಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ದೊಡ್ಡ ಟ್ಯಾಟೂ ಆದ್ರೆ, ಕೀಲು ಇರೋ ಜಾಗ ಆದ್ರೆ ಇನ್ನೂ ಜಾಸ್ತಿ. ಒಳಗಡೆ ಪೂರ್ತಿ ಸರಿಹೋಗೋಕೆ ತಿಂಗಳುಗಳೇ ಹಿಡೀಬಹುದು. ಅಲ್ಲಿಯವರೆಗೆ ಸ್ನಾನ ಮಾಡಬಹುದು, ಮುಳುಗಬಾರದು.

ಸ್ನಾನ ಬೇರೆ, ಮುಳುಗೋದು ಬೇರೆ. ಹಾಸ್ಟೆಲ್‌ನ ಬಕೆಟ್ ಸ್ನಾನ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಚೊಂಬಲ್ಲಿ ಹೊಯ್ದ ನೀರು ಹರಿದು ಹೋಗುತ್ತೆ, ಗಾಯದ ಮೇಲೆ ನಿಲ್ಲಲ್ಲ. ವಾಸನೆ ಇಲ್ಲದ ಮೆದು ಸೋಪು, ಕೈಯಲ್ಲೇ ಮೆಲ್ಲಗೆ ತೊಳೆಯೋದು, ಉಜ್ಜದೆ ಟಿಶ್ಯೂ ಒತ್ತಿ ಒಣಗಿಸೋದು. ನಾಲ್ಕು ದಿನದಿಂದ ಬಾಗಿಲ ಮೇಲೆ ನೇತಾಡ್ತಿರೋ ಹಾಸ್ಟೆಲ್ ಟವೆಲ್ ಆ ಕೈಗೆ ತಾಗಲೇಬಾರದು. ಮುಳುಗಿದ್ರೆ ಏನಾಗುತ್ತೆ ಅಂತ ನೀವೇ ನೋಡಿರ್ತೀರಿ: ತುಂಬಾ ಹೊತ್ತು ನೀರಲ್ಲಿದ್ರೆ ಬೆರಳ ತುದಿ ನಿರಿಗೆ ಬೀಳುತ್ತೆ. ಗಾಯದ ಮೇಲಿನ ಹಕ್ಕಳೆ ಇನ್ನೂ ಮೆತ್ತಗಾಗುತ್ತೆ. ಅದರ ಜೊತೆ ಆ ನೀರಲ್ಲಿ ಏನಿದೆಯೋ ಅದು ಒಳಗೆ ಹೋಗುತ್ತೆ.

ಏನಿದೆ ಅನ್ನೋದು ನೀರಿನ ಮೇಲೆ ಹೋಗುತ್ತೆ. ನಮ್ಮ ಟ್ರಿಪ್‌ನಲ್ಲಿ ಮೂರೂ ಥರದ ನೀರಿತ್ತು: ಓಂ ಬೀಚ್, ನಾವು ಇಳಿಯೋ ಜಾಗದ ಸ್ವಿಮ್ಮಿಂಗ್ ಪೂಲ್, ವಾಪಸ್ ಬರುವಾಗ ಯಾಣದ ಹತ್ತಿರದ ವಿಭೂತಿ ಜಲಪಾತ. ಮೂರನ್ನೂ ಒಂದೊಂದಾಗಿ ನೋಡಿದ್ವಿ.

ಪೂಲ್‌ನಲ್ಲಿ ಕ್ಲೋರಿನ್ ಇದೆಯಲ್ಲ, ರೋಗಾಣು ಸಾಯಲ್ವಾ ಅಂತ ಸಿಎಸ್ ಕೇಳಿದ. ಸಾಯ್ತವೆ, ಆದ್ರೆ ಎಲ್ಲವೂ ತಕ್ಷಣ ಸಾಯಲ್ಲ. ಎಷ್ಟು ಕ್ಲೋರಿನ್ ಹಾಕಿದ್ದಾರೆ, ಎಷ್ಟು ಜನ ಇಳಿದಿದ್ದಾರೆ ಅನ್ನೋದರ ಮೇಲೂ ಹೋಗುತ್ತೆ. ಸರಿಯಾಗಿ ನೋಡಿಕೊಳ್ಳದ ಪೂಲ್‌ನಲ್ಲಿ ಸೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತೆ, ಅದು ಗಾಯವೇ ಇಲ್ಲದ ಚರ್ಮದಲ್ಲೂ ಗುಳ್ಳೆ ಎಬ್ಬಿಸುತ್ತೆ. ಕ್ಲೋರಿನ್ ತಾನೇ ಹಸಿ ಗಾಯಕ್ಕೆ ಉರಿ ಕೊಡುತ್ತೆ, ಚರ್ಮ ಒಣಗಿಸುತ್ತೆ.

ಉಪ್ಪು ನೀರಿನ ವಾದಕ್ಕೆ ಇಸಿ ಲೆಕ್ಕದಲ್ಲೇ ಉತ್ತರ ಕೊಟ್ಟ. ಆಸ್ಪತ್ರೆಯಲ್ಲಿ ಗಾಯ ತೊಳೆಯೋ ಸಲೈನ್‌ನಲ್ಲಿ ಉಪ್ಪು 0.9 ಶೇಕಡಾ, ಅದೂ ಸ್ಟೆರೈಲ್ ನೀರು. ಸಮುದ್ರದಲ್ಲಿ ಸುಮಾರು 3.5 ಶೇಕಡಾ, ಸ್ಟೆರೈಲ್ ಅನ್ನೋ ಮಾತೇ ಇಲ್ಲ. ಬೆಚ್ಚಗಿನ ಕರಾವಳಿ ನೀರಲ್ಲಿ ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾಗಳು ಸಹಜವಾಗೇ ಇರ್ತವೆ, ಅವಕ್ಕೆ ಉಪ್ಪು ಬೇಕು. 2017ರಲ್ಲಿ ಒಂದು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಕೇಸ್ ಓದಿ ನಾವು ಸುಮ್ಮನಾದ್ವಿ. ಅಮೆರಿಕದ ಟೆಕ್ಸಾಸ್‌ನಲ್ಲಿ 31 ವರ್ಷದ ಒಬ್ಬ ವ್ಯಕ್ತಿ ಕಾಲಿಗೆ ಟ್ಯಾಟೂ ಹಾಕಿಸಿಕೊಂಡ ಐದು ದಿನಕ್ಕೆ ಮೆಕ್ಸಿಕೋ ಕೊಲ್ಲಿಯಲ್ಲಿ ಈಜಿದ. ವಿಬ್ರಿಯೋ ವಲ್ನಿಫಿಕಸ್ ಸೋಂಕು ತಗುಲಿ ಆಸ್ಪತ್ರೆ ಸೇರಿದವನು ಕೊನೆಗೆ ಬದುಕಲಿಲ್ಲ. ಅವನಿಗೆ ಮೊದಲೇ ಲಿವರ್ ಕಾಯಿಲೆ ಇತ್ತು, ಅಂಥವರಿಗೆ ಈ ಸೋಂಕು ತುಂಬಾ ಅಪಾಯ. ಆರೋಗ್ಯವಾಗಿರೋ ಹತ್ತೊಂಬತ್ತರ ಹುಡುಗನಿಗೆ ಹಾಗೇ ಆಗುತ್ತೆ ಅಂತಲ್ಲ. ಆದ್ರೆ ಅಪರೂಪ ಅನ್ನೋದೂ ಇಲ್ಲವೇ ಇಲ್ಲ ಅನ್ನೋದೂ ಒಂದೇ ಅಲ್ಲ ಅಂತ ಪ್ರಾಬಬಿಲಿಟಿ ಓದಿದ ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇನ್ನು ಹೊಳೆ, ಕೆರೆ, ಜಲಪಾತ. ಕಾಡಿನ ನೀರು ಕನ್ನಡಿ ಹಾಗೆ ಕಾಣುತ್ತೆ, ಆದ್ರೆ ಮೇಲೆಲ್ಲೋ ದನ ಇಳಿದಿರುತ್ತೆ, ಇಲಿ ಓಡಾಡಿರುತ್ತೆ. ಕರಾವಳಿಯವರು ಇಲಿ ಜ್ವರ ಅಂತ ಹೇಳೋದು ಕೇಳಿರ್ತೀರಿ. ಲೆಪ್ಟೋಸ್ಪೈರೋಸಿಸ್ ಅಂದ್ರೆ ಅದೇ. ಪ್ರಾಣಿಗಳ ಮೂತ್ರ ಸೇರಿದ ನೀರಿಂದ, ಚರ್ಮದ ಗಾಯದ ಮೂಲಕ ಬರುತ್ತೆ.

ಮೆಕ್‌ನ ಅಜ್ಜಿಗೆ ಇಷ್ಟೆಲ್ಲ ಓದೋ ಅಗತ್ಯವೇ ಇರಲಿಲ್ಲ. ಮಂಡ್ಯ ಕಡೆಯ ಹಳ್ಳಿ ಅವರದ್ದು. ಅಜ್ಜಿಯ ಎರಡೂ ಮುಂಗೈ ಮೇಲೆ ಹಸಿರು ಹಚ್ಚೆ ಇದೆ, ಊರಿಗೆ ಬರ್ತಿದ್ದ ಕೊರವಂಜಿ ಹುಯ್ದದ್ದು. ಆ ಭಾನುವಾರ ಫೋನ್‌ನಲ್ಲಿ ವಿಷಯ ಬಂತು. "ಹಚ್ಚೆ ಹುಯ್ಸ್ಕಂಡವ್ನೆ ಅಂದ್ಯಲ್ಲ ನಿನ್ ಗೆಣೆಕಾರ, ಮಾಯ್ತೇನ್ಲಾ?" ಅಂದ್ರು. ಸ್ಪೀಕರ್‌ನಲ್ಲಿ ಕೇಳ್ತಿದ್ದ ಸಿಎಸ್ ಗಾಬರಿಯಾಗಿ, "ಇಲ್ಲ ಅಜ್ಜಿ, ಮಾಯ ಆಗಿಲ್ಲ, ಚೆನ್ನಾಗಿ ಕಾಣ್ತಿದೆ" ಅಂದ. ಅಜ್ಜಿ ನಕ್ಕಿದ್ದು ಇನ್ನೂ ನಮ್ಮ ಕಿವಿಯಲ್ಲಿದೆ. ಗಾಯ ಮಾಯೋದು ಅಂದ್ರೆ ವಾಸಿಯಾಗೋದು ಅಂತ ನಮಗೆ ಮೂವರಿಗೆ ಆವತ್ತೇ ಗೊತ್ತಾಗಿದ್ದು. ಆಮೇಲೆ ಅಜ್ಜಿ ಹೇಳಿದ್ರು, "ಮಾಯೋಗಂಟ ನೀರ್‌ಗೆ ಇಳೀಬ್ಯಾಡ ಅನ್ನು. ನಂಗ್ ಹುಯ್ದಾಗ ನಮ್ಮವ್ವ ಗದ್ದೆ ಕೆಸ್ರಿಗೂ ಬಿಟ್ಟಿರ್ನಿಲ್ಲ." ನಾಟಿ ಸಮಯದಲ್ಲಿ ಒಂದು ಕೈ ಕಮ್ಮಿ ಆದ್ರೆ ಏನರ್ಥ ಅಂತ ಹಳ್ಳಿಯವರಿಗೆ ಗೊತ್ತು. ಆದ್ರೂ ಆ ತಾಯಿ ಮಗಳನ್ನ ಬದುವಿನ ಮೇಲೇ ಕೂರಿಸಿದ್ದರು.

ಒಂಬತ್ತನೇ ದಿನ ಸಿವಿಲ್ ತಕರಾರು ತೆಗೆದ. ಸಿಪ್ಪೆ ಎಲ್ಲ ಉದುರಿತ್ತು, ಕೆಂಪು ಹೋಗಿತ್ತು, ಸಹಿ ನೀಟಾಗಿ ಕಾಣ್ತಿತ್ತು. "ನೋಡ್ರೋ, ವಾಸಿ ಆಗಿದೆ. ಐದೇ ನಿಮಿಷ ಇಳಿದ್ರೆ ಏನಾಗುತ್ತೆ?" ಅಂದ. ಆಗ ಮೆಕ್ ಅವನದೇ ಸಬ್ಜೆಕ್ಟ್ ತಿರುಗಿಸಿ ಕೇಳಿದ, "ಸ್ಲ್ಯಾಬ್ ಹಾಕಿ ಒಂಬತ್ತು ದಿನಕ್ಕೆ ಅದರ ಮೇಲೆ ಲಾರಿ ಹತ್ತಿಸ್ತೀಯಾ?" ಸಿವಿಲ್ ಸುಮ್ಮನಾದ. ಕಾಂಕ್ರೀಟ್ ವಾರದೊಳಗೆ ನೋಡೋಕೆ ಕಲ್ಲಿನ ಹಾಗೆ ಗಟ್ಟಿ ಆಗಿರುತ್ತೆ. ಆದ್ರೆ ಡಿಸೈನ್‌ನಲ್ಲಿ ನಾವು ನಂಬೋದು 28ನೇ ದಿನದ ಬಲವನ್ನ. ನಡುವಿನ ದಿನಗಳಲ್ಲಿ ಕಣ್ಣಿಗೆ ಕಾಣೋದಕ್ಕೂ ಒಳಗೆ ಆಗ್ತಿರೋದಕ್ಕೂ ಸಂಬಂಧ ಇರಲ್ಲ. ಚರ್ಮದ್ದೂ ಇದೇ ಕಥೆ, ಹೆಚ್ಚು ಕಮ್ಮಿ ಅಷ್ಟೇ ದಿನ. ಒಂದೇ ವ್ಯತ್ಯಾಸ: ಕ್ಯೂರಿಂಗ್ ಅಂದ್ರೆ ಕಾಂಕ್ರೀಟಿಗೆ ದಿನಾ ನೀರು ಕಟ್ಟಬೇಕು, ಇಲ್ಲಿ ನೀರು ನಿಲ್ಲದ ಹಾಗೆ ನೋಡ್ಕೋಬೇಕು.

ಪ್ಲಾಸ್ಟಿಕ್ ಸುತ್ತೋ ದಾರಿಯೂ ಉಳಿದಿತ್ತು. ಸ್ಟುಡಿಯೋದಲ್ಲಿ ಅಂಟಿಸೋ ಪಾರದರ್ಶಕ ಫಿಲ್ಮ್ ಸ್ನಾನದ ನೀರಿಗೆ ತಡೆಯುತ್ತೆ, ಈಜಿಗಲ್ಲ. ಕೈ ಆಡಿಸಿದ ಹಾಗೆ ಅಂಚು ಏಳುತ್ತೆ, ಒಳಗೆ ನೀರು ಹೋಗಿ ಅಲ್ಲೇ ಬೆಚ್ಚಗೆ ಕೂರುತ್ತೆ. ಅದು ಸುಮ್ಮನೆ ಮುಳುಗೋದಕ್ಕಿಂತ ಕೆಟ್ಟದ್ದು. ಅಡುಗೆಮನೆಯ ಕ್ಲಿಂಗ್ ರ‍್ಯಾಪ್ ಅಂತೂ ಮಾತಾಡೋ ಹಾಗೇ ಇಲ್ಲ.

ಸರಿ, ಸಿವಿಲ್ ನೀರಿಗೆ ಇಳಿಯಲ್ಲ ಅಂತಾಯ್ತು. ಆಮೇಲೆ ಅವನು ಹೇಳಿದ್ದು, "ಹಾಗಾದ್ರೆ ನೀವು ಮೂವರು ಹೋಗ್ಬನ್ನಿ, ನಾನು ರೂಮಲ್ಲೇ ಇರ್ತೀನಿ." ಇದಕ್ಕೆ ಯಾವ ಪತ್ರಿಕೆಯಲ್ಲೂ ಉತ್ತರ ಇರಲಿಲ್ಲ. ವರ್ಷದ ತಿಥಿ ಮುಗಿಸಿ ಬಂದು ಎರಡು ವಾರ ಆಗದವನನ್ನ ಖಾಲಿ ಹಾಸ್ಟೆಲ್‌ನಲ್ಲಿ ಬಿಟ್ಟು ಹೋಗೋಕೆ ನಮ್ಮಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಕರ್ಕೊಂಡು ಹೋಗಿ ಎರಡು ದಿನ ಬ್ಯಾಗ್ ಕಾಯೋಕೆ ಕೂರಿಸೋದೂ ಸರಿ ಅನ್ನಿಸಲಿಲ್ಲ. ಕೊನೆಗೆ ಸಿಎಸ್ ಒಂದು ಟೈಮ್‌ಟೇಬಲ್ ಮಾಡಿದ. ದಡದ ಡ್ಯೂಟಿ, ಒಬ್ಬೊಬ್ಬರಿಗೆ ಒಂದೊಂದು ಗಂಟೆ, ರೌಂಡ್ ರಾಬಿನ್.

ಹಾಗೆ ಹೋದ್ವಿ. ಸಿವಿಲ್ ಸಡಿಲವಾದ ತುಂಬು ತೋಳಿನ ಕಾಟನ್ ಅಂಗಿ ಹಾಕಿದ್ದ, ಯಾಕಂದ್ರೆ ಮಾಯದ ಟ್ಯಾಟೂಗೆ ಬಿಸಿಲೂ ಆಗಲ್ಲ, ಹಸಿ ಗಾಯದ ಮೇಲೆ ಸನ್‌ಸ್ಕ್ರೀನ್ ಹಚ್ಚೋ ಹಾಗೂ ಇಲ್ಲ. ಟ್ಯಾಟೂ ಇರೋದು ಕೈಯಲ್ಲಿ, ಕಾಲಲ್ಲಲ್ಲವಲ್ಲ, ಅದಕ್ಕೆ ಪಾದ ಮುಳುಗೋವರೆಗೆ ನಿಲ್ಲಬಹುದು ಅಂತ ಒಪ್ಪಂದ ಆಯ್ತು. ಒಂದು ಅಲೆ ಲೆಕ್ಕ ತಪ್ಪಿಸಿ ಮೊಣಕೈವರೆಗೂ ಹಾರಿತು. ಬಾಟಲಿಯ ಕುಡಿಯೋ ನೀರಲ್ಲಿ ತೊಳೆದು, ಸೋಪು ಹಾಕಿ, ಟಿಶ್ಯೂ ಒತ್ತಿ ಒಣಗಿಸಿದ್ವಿ. ಒಂದು ಸಿಡಿತಕ್ಕೆ ಇಷ್ಟು ಸಾಕು, ಗಾಬರಿ ಬೇಡ.

ದಡದ ಡ್ಯೂಟಿಯಲ್ಲಿ ಏನಾಯ್ತು ಅಂದ್ರೆ, ಸಿವಿಲ್ ಮಾತಾಡಿದ. ಮೆಕ್‌ಗೆ ಗಿರಣಿಯ ಬೆಲ್ಟ್ ಬಗ್ಗೆ ಹೇಳಿದ, ಕರೆಂಟ್ ಹೋದಾಗ ಅಪ್ಪ ಹೇಗೆ ಹೊರಗೆ ಕಟ್ಟೆ ಮೇಲೆ ಕೂತು ಎಲ್ಲರ ಡಬ್ಬಿಗಳಿಗೆ ನಂಬರ್ ಬರೀತಿದ್ರು ಅಂತ. ಇಸಿಗೆ ಆಸ್ಪತ್ರೆಯ ಕೊನೆಯ ವಾರದ ಬಗ್ಗೆ ಹೇಳಿದ. ಸಿಎಸ್ ಡ್ಯೂಟಿಯಲ್ಲಿ ಇಬ್ಬರೂ ಏನೂ ಮಾತಾಡಲಿಲ್ಲ, ಚುರುಮುರಿ ತಿಂದುಕೊಂಡು ಕೂತಿದ್ರು. ಒಂದೂವರೆ ವರ್ಷದಿಂದ ಒಂದೇ ರೂಮಲ್ಲಿ ಮಲಗಿ ಎದ್ದಿದ್ದೀವಿ. ಇದರಲ್ಲಿ ಒಂದು ಮಾತೂ ನಮಗೆ ಗೊತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ನೀರಿಗೆ ಬಿದ್ದಿದ್ರೆ ಕಿರುಚಾಡ್ಕೊಂಡು ಎದ್ದು ಬರ್ತಿದ್ವಿ ಅಷ್ಟೇ.

ಐದನೇ ವಾರ ಮುಗಿದ ಮೇಲೆ ಸಿವಿಲ್ ಕ್ಯಾಂಪಸ್ ಡಾಕ್ಟರ್‌ಗೆ ಕೈ ತೋರಿಸಿದ. ಅವರು ನೋಡಿದ್ದು ಇಷ್ಟು: ಹಕ್ಕಳೆ ಇಲ್ಲ, ಸಿಪ್ಪೆ ಏಳ್ತಿಲ್ಲ, ಹೊಸ ಚರ್ಮದ ಆ ಹೊಳಪು ಹೋಗಿದೆ, ಕಣ್ಣು ಮುಚ್ಚಿ ಸವರಿದ್ರೆ ಟ್ಯಾಟೂ ಎಲ್ಲಿ ಶುರು ಎಲ್ಲಿ ಮುಗೀತು ಗೊತ್ತಾಗಲ್ಲ. "ಈಜು ಹೋಗಪ್ಪ" ಅಂದ್ರು. ಒತ್ತಕ್ಷರದ ಒಳಗಿನ ಜಾಗ ತೆರೆದೇ ಇದೆ.

ನೀವೂ ಹಾಕಿಸಿಕೊಳ್ಳೋ ಯೋಚನೆಯಲ್ಲಿದ್ರೆ ಮೊದಲು ಕ್ಯಾಲೆಂಡರ್ ತೆಗೀರಿ. ಮುಂದಿನ ಒಂದು ತಿಂಗಳಲ್ಲಿ ಬೀಚ್, ರಾಫ್ಟಿಂಗ್, ವಾಟರ್ ಪಾರ್ಕ್, ಇಂಟರ್‌ಕಾಲೇಜ್ ಸ್ವಿಮ್ಮಿಂಗ್ ಇದೆಯಾ ನೋಡಿ. ಇದ್ರೆ, ದಿನ ನಿಮ್ಮ ಕೈಯಲ್ಲಿದ್ರೆ, ಟ್ಯಾಟೂ ಆಮೇಲೆ ಇಟ್ಕೊಳ್ಳಿ. ಹೋಳಿಯನ್ನೂ ಲೆಕ್ಕಕ್ಕೆ ಹಿಡೀರಿ, ಬಣ್ಣದ ನೀರು ಹಸಿ ಗಾಯಕ್ಕೆ ಆಗಲ್ಲ. ಮೂರು ದಿನ ಕಳೆದ ಮೇಲೂ ನೋವು ಕಮ್ಮಿ ಆಗದೆ ಜಾಸ್ತಿ ಆಗ್ತಿದ್ರೆ, ಕೆಂಪು ಹರಡ್ತಿದ್ರೆ, ಕೀವು ಬಂದ್ರೆ, ಜ್ವರ ಬಂದ್ರೆ ಟ್ಯಾಟೂ ಹಾಕಿದವರಿಗೆ ಮೆಸೇಜ್ ಮಾಡ್ಕೊಂಡು ಕೂರಬೇಡಿ, ಆವತ್ತೇ ಡಾಕ್ಟರ್ ಹತ್ರ ಹೋಗಿ. ಸಮುದ್ರಕ್ಕೋ ಹೊಳೆಗೋ ಇಳಿದ ಮೇಲೆ ಹೀಗಾದ್ರೆ ನೀರಿಗೆ ಇಳಿದಿದ್ದೆ ಅಂತ ಮರೆಯದೆ ಹೇಳಿ, ಅದರ ಮೇಲೆ ಔಷಧಿ ಬದಲಾಗಬಹುದು.

ಗ್ಯಾಂಗಲ್ಲಿ ಬೇರೆ ಯಾರೋ ಹಾಕಿಸಿಕೊಂಡಿದ್ರೆ "ಐದು ನಿಮಿಷ ಬಾರೋ, ಏನೂ ಆಗಲ್ಲ" ಅಂತ ಕರೀಬೇಡಿ. ಕರೆದ್ರೆ ಅವನು ಬಂದೇ ಬರ್ತಾನೆ, ನಮ್ಮ ವಯಸ್ಸಲ್ಲಿ ದಡದಲ್ಲಿ ಒಬ್ಬನೇ ಕೂರೋದು ಯಾರಿಗೂ ಇಷ್ಟ ಇಲ್ಲ. ಸಿಎಸ್ ಮಾಡಿದ ಟೈಮ್‌ಟೇಬಲ್ ಇನ್ನೂ ನಮ್ಮ ರೂಮಿನ ಬಾಗಿಲ ಹಿಂದೆ ಅಂಟಿಸಿದೆ. ಬೇಕಿದ್ರೆ ಬಂದು ಫೋಟೋ ತಗೊಂಡು ಹೋಗಿ. ಚುರುಮುರಿ ಖರ್ಚು ಮಾತ್ರ ನಿಮ್ಮದು.